ಎಡಕ್ಕೆ ಹಾರಿ ಬಲಕ್ಕೆ ತಿರುಗಿದವ

ಸಾಗರ ದಾಟಿದ ವೈಮಾನಿಕರ ಮಾತು ಬಂದರೆ ಎಲ್ಲರೂ ಲಿಂಡ್‌ಬರ್ಗ್ ಹೆಸರು ಹೇಳುತ್ತಾರೆ. 1927ರಲ್ಲಿ ಮೂವತ್ತಮೂರೂವರೆ ಗಂಟೆ ನಿದ್ದೆಗೆಟ್ಟು ಅಟ್ಲಾಂಟಿಕ್ ದಾಟಿದ್ದು ಸಣ್ಣ ಮಾತಲ್ಲ, ಒಪ್ಪಿದೆ. ಆದರೆ ಅವನೆದುರು ಯುರೋಪೆಂಬ ಇಡೀ ಖಂಡ ಅಡ್ಡಲಾಗಿ ಬಿದ್ದಿತ್ತು. ಕಡಲಲ್ಲಿ ಕಡಲೆಕಾಳಿನಷ್ಟಿರುವ ದ್ವೀಪ ಹುಡುಕುವ ಪಾಡೇ ಬೇರೆ. ನನ್ನ ಓಟು ಫ್ರಾನ್ಸಿಸ್ ಚಿಚೆಸ್ಟರ್‌ಗೆ.

1931ರ ಮಾರ್ಚ್‌ನಲ್ಲಿ ಆತ ನ್ಯೂಜಿಲೆಂಡಿನ ಉತ್ತರ ತುದಿಯಿಂದ ಒಬ್ಬನೇ ಆಸ್ಟ್ರೇಲಿಯಾಕ್ಕೆ ಹೊರಟ. ಅವನ ಪುಟ್ಟ ಜಿಪ್ಸಿ ಮಾತ್ ವಿಮಾನಕ್ಕೆ ಟಾಸ್ಮನ್ ಕಡಲನ್ನು ಒಂದೇ ಉಸಿರಿಗೆ ದಾಟುವಷ್ಟು ಪೆಟ್ರೋಲ್ ಹಿಡಿಯುತ್ತಿರಲಿಲ್ಲ. ಚಕ್ರ ಕಳಚಿ ಫ್ಲೋಟ್ ಕಟ್ಟಿಸಿ, ನಡುವೆ ನಾರ್ಫೋಕ್, ಲಾರ್ಡ್ ಹೋವ್ ದ್ವೀಪಗಳಲ್ಲಿ ನೀರಿಗಿಳಿಯುವ ಯೋಚನೆ. ನಾರ್ಫೋಕ್ ಸುಮಾರು 770 ಕಿ.ಮೀ. ದೂರ, ಅದರ ಉದ್ದವೋ ಎಂಟು ಕಿ.ಮೀ. ದಿಕ್ಕು ಒಂದು ಡಿಗ್ರಿ ತಪ್ಪಿದರೂ ಅಲ್ಲಿಗೆ ಮುಟ್ಟುವಷ್ಟರಲ್ಲಿ 13 ಕಿ.ಮೀ. ಆಚೆ. ಅಡ್ಡಗಾಳಿ ಬೀಸಿದರೆ ಕೇಳುವುದೇ ಬೇಡ.

ಸೆಕ್ಸ್‌ಟೆಂಟ್‌ನಲ್ಲಿ ಸೂರ್ಯನ ಎತ್ತರ ಅಳೆದರೆ, ನಕಾಶೆಯ ಇಂಥ ಗೆರೆಯ ಮೇಲಿದ್ದೇವೆ ಎಂದಷ್ಟೇ ಗೊತ್ತಾಗುತ್ತದೆ. ಆ ಗೆರೆ ದ್ವೀಪದ ಮೇಲೇ ಹಾದಿದೆ ಅನ್ನಿ. ದ್ವೀಪ ಎಡಕ್ಕೋ, ಬಲಕ್ಕೋ? 1937ರ ಜುಲೈನಲ್ಲಿ ಅಮೇಲಿಯಾ ಇಯರ್‌ಹಾರ್ಟ್ ಹೌಲ್ಯಾಂಡ್ ದ್ವೀಪ ಹುಡುಕುತ್ತ, ಇಂಥದೇ ಗೆರೆಯ ಮೇಲೆ ಉತ್ತರಕ್ಕೂ ದಕ್ಷಿಣಕ್ಕೂ ಹಾರುತ್ತಿದ್ದೇವೆ ಎಂದು ರೇಡಿಯೊದಲ್ಲಿ ಹೇಳಿದ್ದಳು. ಅವಳ ವಿಮಾನ ಸಿಗಲೇ ಇಲ್ಲ.

ಚಿಚೆಸ್ಟರ್ ಬೇಕೆಂದೇ ದಾರಿ ತಪ್ಪಿದ. ಗಾಳಿ ಎಷ್ಟೇ ತಳ್ಳಿದರೂ ದ್ವೀಪದ ಬಲಕ್ಕೆ ಹೋಗದಷ್ಟು ಎಡಕ್ಕೆ ಹಾರಿ, ಗೆರೆ ಮುಟ್ಟಿದ ಕೂಡಲೇ ಬಲಕ್ಕೆ ತಿರುಗಿದ. ಮಲೆನಾಡಿನ ಮಂಜಿನಲ್ಲಿ ಹಳ್ಳದ ಸಂಕ ಹುಡುಕುವವನೂ ಹೀಗೇ ಮಾಡಬೇಕು: ಸಂಕಕ್ಕಿಂತ ಸಾಕಷ್ಟು ಮೇಲೆ ಹಳ್ಳ ಮುಟ್ಟಿ, ನೀರು ಹರಿದತ್ತ ನಡೆಯಬೇಕು.

ಹಳ್ಳದವನಿಗಾದರೂ ನಿಂತು ಯೋಚಿಸಲು ಪುರುಸೊತ್ತಿದೆ. ಇವನು ತೆರೆದ ಕಾಕ್‌ಪಿಟ್‌ನಲ್ಲಿ ಒಂದು ಕಣ್ಣು ವಿಮಾನದ ಮೇಲಿಟ್ಟು, ಆ ಕುಲುಕಾಟದಲ್ಲೇ ಕನ್ನಡಿಯೊಳಗಿನ ಸೂರ್ಯನನ್ನು ದಿಗಂತಕ್ಕೆ ತಾಗಿಸಿ, ಲಾಗರಿದಮ್ ಲೆಕ್ಕ ಬಿಡಿಸಬೇಕು. ಎದುರಿಗೂ ನೀರು, ಬಲಕ್ಕೂ ನೀರು. ತೊಡೆಯ ಮೇಲಿನ ಕಾಗದ ಮಾತ್ರ ತಿರುಗು ಎನ್ನುತ್ತದೆ.

ನಾರ್ಫೋಕ್ ಸಿಕ್ಕಿತು. ಲಾರ್ಡ್ ಹೋವ್ ಕೂಡ. ಅಲ್ಲಿ ಕಟ್ಟಿಹಾಕಿದ್ದ ವಿಮಾನವನ್ನು ರಾತ್ರಿಯ ಬಿರುಗಾಳಿ ಮಗುಚಿತು. ದ್ವೀಪದವರನ್ನು ಕೂಡಿಕೊಂಡು ಉಪ್ಪುನೀರು ಕುಡಿದ ಎಂಜಿನ್ ಬಿಚ್ಚಿ ಜೋಡಿಸಿ, ರೆಕ್ಕೆ ಕಟ್ಟಿ, ಜೂನ್‌ನಲ್ಲಿ ಮತ್ತೆ ಹಾರಿದ. ಸಿಡ್ನಿಗೆಂದು ಹೊರಟವನು ಅದರ ದಕ್ಷಿಣಕ್ಕಿರುವ ಜರ್ವಿಸ್ ಕೊಲ್ಲಿ ಸೇರಿದ. ಖಂಡವಲ್ಲವೇ, ನಡೆಯುತ್ತದೆ.