ಯಾವ ಟಿಪ್ಪಣಿ ಬಾಳುತ್ತದೆ?

ಬಾಳೆಲೆಯಲ್ಲಿ ಕಕ್ಕಡದ ಮಳೆ ಹಿಡಿಯಿತೆಂದರೆ ಹೊರಗಿನ ಕೆಲಸವೆಲ್ಲ ನಿಂತಂತೆಯೇ. ಈ ಸಲದ ಆ ಬಿಡುವಿನಲ್ಲಿ ನಾನು ಕೈಹಾಕಿದುದು ಇಪ್ಪತ್ತು ವರ್ಷಗಳ ಅಧ್ಯಾಪನದ ಟಿಪ್ಪಣಿ ಪುಸ್ತಕಗಳಿಗೆ. ಅರ್ಧಕ್ಕೆ ಬೂಷ್ಟು ಹಿಡಿದಿತ್ತು. ಬಾಳುವ ವಿಚಾರಗಳನ್ನಷ್ಟೇ ಇಟ್ಟುಕೊಂಡು ಮಿಕ್ಕುದನ್ನು ಒಲೆಗೆ ಹಾಕಬೇಕೆಂಬುದು ಸಂಕಲ್ಪ. ಆದರೆ ಬಾಳುವುದು ಯಾವುದು? ಅದು ಬಗೆಹರಿಯದೆ ‘ಪಟ್ಟೋಲೆ ಪಳಮೆ’ಯನ್ನು ಮತ್ತೊಮ್ಮೆ ತೆರೆದೆ.

ನಡಿಕೇರಿಯಂಡ ಚಿಣ್ಣಪ್ಪನವರ ಈ ಸಂಗ್ರಹ ಅಚ್ಚಾದುದು 1924ರಲ್ಲಿ. ಕರ್ತೃ ಪೊಲೀಸು ಇಲಾಖೆಯಲ್ಲಿ ದುಡಿದವರು, ಪಂಡಿತರೆನ್ನಿಸಿಕೊಂಡವರಲ್ಲ. ಗ್ರಂಥದ ಮೂರರಲ್ಲಿ ಎರಡು ಪಾಲಿನಷ್ಟು ಹಾಡುಗಳೇ. ನಾಲ್ವರು ದುಡಿ ಬಡಿಯುತ್ತ ಹಾಡುವ ಬಾಳೊಪಾಟ್ಟು, ಮದುವೆಯ ಹಾಡು, ಸಾವಿನ ಹಾಡು; ಜೊತೆಗೆ ಗಾದೆ, ಒಗಟು, ಆಚಾರ. ಇದನ್ನು ಜಾನಪದದ ನಿಧಿಯೆಂದು ಹೊಗಳಿ ಕೈತೊಳೆದುಕೊಳ್ಳುವುದು ವಾಡಿಕೆ. ನನಗಾದರೋ ಅದು ಒಬ್ಬ ಒಳ್ಳೆಯ ಟಿಪ್ಪಣಿಕಾರನ ಪುಸ್ತಕವಾಗಿಯೇ ಹೆಚ್ಚು ಪ್ರಿಯ.

ಹಾಡುಗಳನ್ನು ತಲೆಮಾರುಗಳೇ ಜರಡಿ ಹಿಡಿದಿದ್ದುವು, ಸಂಗ್ರಹಕಾರನ ಕೆಲಸ ಸುಲಭವಾಗಿತ್ತು ಎನ್ನುವವರುಂಟು. ಹಾಡಿನ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಒಂದು ಒಗಟನ್ನು, ಮದುವೆಯ ಒಂದು ಸಣ್ಣ ಶಾಸ್ತ್ರವನ್ನು ಅಂದು ಯಾರು ತಾನೇ ‘ಬಾಳುವ ವಿಚಾರ’ವೆಂದು ಕರೆಯುತ್ತಿದ್ದರು? ಚಿಣ್ಣಪ್ಪನವರು ಬರೆದಿಟ್ಟರು. 1931ರಲ್ಲಿ ಅವರು ತೀರಿಕೊಂಡರು. 2003ರಲ್ಲಿ ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಅದನ್ನು ಇಂಗ್ಲಿಷಿಗೆ ತಂದರು. ಇತ್ತ ನನ್ನ ಪೆಟ್ಟಿಗೆಯಲ್ಲಿ ಅತ್ಯಂತ ಬೇಗ ಹಳಸಿದುದು ನನ್ನ ವಿಚಾರಗಳೇ! ಯಾವುದೋ ವಿಚಾರಸಂಕಿರಣಕ್ಕೆಂದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದ ಸಿದ್ಧಾಂತಗಳನ್ನು ಈಗ ಓದಿದರೆ ಬರೆದವನು ಯಾರೆಂದು ಕೇಳುವಂತಾಗುತ್ತದೆ.

ಹಾಗೆಂದು ಈ ಗ್ರಂಥದ ಬಗೆಗೆ ನನ್ನ ತಕರಾರು ಇಲ್ಲದಿಲ್ಲ. ಅಚ್ಚಾದ ಪಾಠಕ್ಕೆ ಒಂದು ಅಧಿಕಾರ ಬಂದುಬಿಡುತ್ತದೆ. ಬೇರೆ ಬಾಯಿಯ ಪಾಠ ತಪ್ಪೆನಿಸುತ್ತದೆ. ಇದು ಸಂಗ್ರಹಕಾರನ ದೋಷವಲ್ಲ, ನಮ್ಮಂಥ ಓದುಗರದು. ಹತ್ತು ವರ್ಷಗಳ ಹಿಂದೆ ಇದೇ ರೀತಿ ಪೆಟ್ಟಿಗೆ ಒಪ್ಪ ಮಾಡುವಾಗ ನಾನೇ ಈ ತಪ್ಪನ್ನು ಮಾಡಿದೆ. ಊರಿನ ಹಿರಿಯರೊಬ್ಬರು ದುಡಿ ಹಿಡಿದು ಹಾಡಿದ್ದನ್ನು ಬರೆದುಕೊಂಡಿದ್ದೆ. ನಾಲ್ಕೈದು ಸಾಲು ಪುಸ್ತಕದಲ್ಲಿದ್ದುದಕ್ಕಿಂತ ಬೇರೆಯಾಗಿದ್ದುವು. ಅಚ್ಚಿನಲ್ಲಿ ಇದ್ದೇ ಇದೆಯಲ್ಲ ಎಂದು ಆ ಹಾಳೆಗಳನ್ನು ಒಲೆಗೆ ಹಾಕಿದೆ. ಹಿರಿಯರು ಈಗಿಲ್ಲ. ಆ ಸಾಲುಗಳಲ್ಲಿ ಒಂದು ಹೊಳೆಯ ಹೆಸರಿತ್ತು ಎಂಬುದಷ್ಟೇ ನೆನಪು. ಯಾವ ಹೊಳೆ, ಏಕೆ ಬಂದಿತು, ತಿಳಿಯದು.

ಈ ಸಲ ಅಭಿಪ್ರಾಯದ ಹಾಳೆಗಳು ಒಲೆ ಸೇರಿದುವು. ಯಾರು ಹೇಳಿದರು, ಎಲ್ಲಿ, ಯಾವ ದಿನ ಎಂದು ಗುರುತಿಸಿದ್ದುವನ್ನು, ಎಷ್ಟೇ ಕ್ಷುಲ್ಲಕವಾಗಿ ತೋರಲಿ, ತೆಗೆದಿಟ್ಟಿದ್ದೇನೆ. ಪುತ್ತರಿಯ ಹೊತ್ತಿಗೆ ಆ ಹಿರಿಯರ ಮನೆಗೆ ಹೋಗಿ, ಮಕ್ಕಳಲ್ಲಿ ಯಾರಿಗಾದರೂ ಹೊಳೆಯ ಆ ಸಾಲು ಬಾಯಿಗೆ ಬರುವುದೋ ಎಂದು ಕೇಳಬೇಕೆಂದಿದ್ದೇನೆ.