ಎಡಗಾಲನ್ನು ಕೇಳಿ ಕ್ಲಚ್ ಕೊಳ್ಳಿ

ಈಚೆಗೊಂದು ಭಾನುವಾರ ಮೇಸ್ತ್ರಿ ಗ್ಯಾರೇಜಿನ ನೆಲದ ಮೇಲೆ ಹಳೇ ಪತ್ರಿಕೆ ಹಾಸಿ ಒಂದು ಕ್ಲಚ್ ಪ್ಲೇಟ್ ಇಟ್ಟಿದ್ದರು. ನನ್ನ ಅಂಕಣವಿದ್ದ ಪುಟವೇ ಇರಬಹುದು, ಬಗ್ಗಿ ನೋಡುವ ಧೈರ್ಯ ಮಾಡಲಿಲ್ಲ. ಲೈನಿಂಗ್ ಸವೆದು ರಿವೆಟ್ಟಿನ ತಲೆಗಳು ಹೆಚ್ಚೂಕಡಿಮೆ ಮೇಲಕ್ಕೇ ಬಂದಿದ್ದವು. ಬೆರಳಾಡಿಸಿದರೆ ಗಾಜಿನಂಥ ನುಣುಪು. ಪಕ್ಕದಲ್ಲಿದ್ದ ಪ್ರೆಷರ್ ಪ್ಲೇಟಿನ ಮುಖದ ತುಂಬ ನವಿಲುಗರಿ ಬಣ್ಣದ ಕಲೆಗಳು. ಬೀಡು ಕಬ್ಬಿಣ ಮಿತಿಮೀರಿ ಕಾದರೆ ಹಾಗಾಗುತ್ತದೆ. ಗೇರ್‌ಬಾಕ್ಸ್ ಇಳಿಸಿ ಎರಡು ಗಂಟೆಯಾಗಿದ್ದರೂ ಸುಟ್ಟ ವಾಸನೆ ಇನ್ನೂ ಸುಳಿದಾಡುತ್ತಿತ್ತು.

ಕಾರು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಎಂಜಿನ್, ಸಿಲಿಂಡರಿಗೆ ಐದರಂತೆ 20 ವಾಲ್ವ್. ಯುರೋಪಿನಲ್ಲಿ 180 ಅಶ್ವಶಕ್ತಿಯೊಂದಿಗೆ ಮಾರಾಟವಾದ ಆರ್‌ಎಸ್ ನಮ್ಮಲ್ಲಿ ಬಂದಿದ್ದು 150ರೊಂದಿಗೆ. ಟಾರ್ಕ್ 210 ನ್ಯೂಟನ್ ಮೀಟರ್. ಅದಕ್ಕೇ ಇರಬೇಕು, ಈ ಕಾರು ಕೈಗೆ ಬಂದವರು ಮೊದಲು ಓಡುವುದೇ ರೀಮ್ಯಾಪ್ ಮಾಡಿಸಲು. ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಇದರಲ್ಲೇ ಓಡಾಡುವ ಹುಡುಗನೂ ಮಾಡಿಸಿದ್ದ. ಈಗ ಟಾರ್ಕ್ 280ರ ಹತ್ತಿರ. ಎಂಜಿನ್ ಖುಷಿಯಾಗಿತ್ತು, ಕ್ಲಚ್ ಕೈಯೆತ್ತಿತ್ತು.

“ಸಾರ್, ಸ್ಟೇಜ್ 3 ತರಿಸೋಣ ಅಂತಿದ್ದೀನಿ. ಸಿಕ್ಸ್ ಪಕ್ ಸೆರಾಮಿಕ್. 500 ನ್ಯೂಟನ್ ಮೀಟರ್ ತಡೆಯುತ್ತಂತೆ.”

“ನಿಮ್ಮ ಎಂಜಿನ್ ಕೊಡೋದು 280. ಮಿಕ್ಕಿದ್ದು ಯಾರಿಗೆ?” ಅಂದೆ. ಹುಡುಗ ನಕ್ಕ. ಮೇಸ್ತ್ರಿ ನಗಲಿಲ್ಲ, ಆ ಕ್ಲಚ್ಚನ್ನು ಕೂರಿಸಿ, ಆರು ತಿಂಗಳಿಗೆ ಮತ್ತೆ ಇಳಿಸುವ ಕೆಲಸ ಬೀಳುವುದು ಅವರ ತಲೆಗೇ.

ಸ್ಟೇಜ್ 1, 2, 3 ಅನ್ನುವುದಕ್ಕೆ ಯಾವ ಐಎಸ್ಐ ಗುರುತೂ ಇಲ್ಲ. ಒಬ್ಬ ತಯಾರಕನ 1 ಇನ್ನೊಬ್ಬನ 2 ಆಗಿರಬಹುದು. ಕೇಳಬೇಕಾದ್ದು ಒಂದೇ: ಎಷ್ಟು ನ್ಯೂಟನ್ ಮೀಟರ್ ಟಾರ್ಕ್ ತಡೆಯುತ್ತದೆ? ಅಶ್ವಶಕ್ತಿಯ ಅಂಕಿ ಇಲ್ಲಿ ಕೆಲಸಕ್ಕೆ ಬಾರದು. ಆರು ಸಾವಿರ ಆರ್‌ಪಿಎಂನಲ್ಲಿ ಮೆರೆಯುವ ಎಂಜಿನ್ನಿಗಿಂತ ಎರಡು ಸಾವಿರದಲ್ಲೇ ಟರ್ಬೊ ಊದಿ ಎದೆಗೆ ಗುದ್ದುವ ಎಂಜಿನ್ ಕ್ಲಚ್ಚಿಗೆ ಕಷ್ಟ. ರೋಗ ಪತ್ತೆಯೂ ಅಲ್ಲೇ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿಗೆ ಹಾಕಿ, ಎರಡು ಸಾವಿರದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಚಂಗನೆ ಜಿಗಿದು ಸ್ಪೀಡೋಮೀಟರ್ ಮುಳ್ಳು ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಮೊದಲನೇ, ಎರಡನೇ ಗೇರಿನಲ್ಲಿ ಇದು ಕಾಣಿಸುವುದಿಲ್ಲ. ಅಲ್ಲಿ ಕಾರು ಹಗುರಾಗಿ ಮುಂದೆ ನುಗ್ಗಿಬಿಡುತ್ತದೆ, ಎಂಜಿನ್ನಿಗೆ ಹೆಚ್ಚು ಹೊತ್ತು ತಿಣುಕುವ ಪ್ರಸಂಗವೇ ಬರುವುದಿಲ್ಲ.

ಕ್ಲಚ್ಚಿನ ಲೆಕ್ಕ ಬಲು ಸರಳ. ಪ್ಲೇಟಿನ ಎರಡು ಮುಖ, ಘರ್ಷಣೆಯ ಗುಣಾಂಕ, ಪ್ರೆಷರ್ ಪ್ಲೇಟ್ ಒತ್ತುವ ಬಲ, ಲೈನಿಂಗಿನ ಸರಾಸರಿ ತ್ರಿಜ್ಯ ಇವನ್ನು ಗುಣಿಸಿದರೆ ತಡೆಯುವ ಟಾರ್ಕ್ ಸಿಗುತ್ತದೆ. ಮಾಮೂಲಿ ಆರ್ಗ್ಯಾನಿಕ್ ಲೈನಿಂಗಿನ ಗುಣಾಂಕ ಸುಮಾರು 0.3. ಸರಾಸರಿ ತ್ರಿಜ್ಯ 9.5 ಸೆಂಟಿಮೀಟರ್, ಒತ್ತುವ ಬಲ 6,000 ನ್ಯೂಟನ್ ಅಂದುಕೊಂಡರೆ 342 ನ್ಯೂಟನ್ ಮೀಟರ್. ಇದನ್ನು ಹೆಚ್ಚಿಸಬೇಕೆಂದರೆ ಗಟ್ಟಿಯಾಗಿ ಒತ್ತಬೇಕು, ಇಲ್ಲವೇ ಹೆಚ್ಚು ಕಚ್ಚುವ ಲೈನಿಂಗ್ ಹಾಕಬೇಕು, ಇಲ್ಲವೇ ಪ್ಲೇಟ್ ದೊಡ್ಡದು ಮಾಡಬೇಕು ಅಥವಾ ಎರಡು ಪ್ಲೇಟ್ ಹಾಕಬೇಕು. ಯಾವುದೂ ಪುಕ್ಕಟೆಯಲ್ಲ.

ಗಟ್ಟಿಯಾಗಿ ಒತ್ತಿಸಿದರೆ ಪೆಡಲ್ ಬಿಗಿಯಾಗುತ್ತದೆ. ಸಿಲ್ಕ್ ಬೋರ್ಡ್ ಹತ್ತಿರ ಸಂಜೆ ಏಳು ಗಂಟೆಗೆ ನಿಂತವರಿಗೆ ಎಡ ಮಂಡಿ ಅದರ ಲೆಕ್ಕ ಒಪ್ಪಿಸುತ್ತದೆ. ಇನ್ನೂ ಒಂದು ಕಷ್ಟ ಕಣ್ಣಿಗೆ ಬೀಳುವುದಿಲ್ಲ: ಪೆಡಲ್ ಒತ್ತಿದಷ್ಟೂ ಹೊತ್ತು ಆ ಬಲ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗಿನ ಮೇಲೆ ಕೂತಿರುತ್ತದೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡದೆ ಕ್ಲಚ್ ತುಳಿದುಕೊಂಡೇ ಇರುವ ನಮ್ಮೂರ ಅಭ್ಯಾಸಕ್ಕೆ ಬಿಗಿ ಪ್ರೆಷರ್ ಪ್ಲೇಟ್ ಹೇಳಿ ಮಾಡಿಸಿದ್ದಲ್ಲ. ಆದರೂ ಈ ಮೂರರಲ್ಲಿ ನನ್ನ ಮತ ಇದಕ್ಕೇ, ಒಂದು ಮಿತಿಯವರೆಗೆ. ಡಯಾಫ್ರಾಮ್ ಸ್ಪ್ರಿಂಗಿನ ಗುಣವೇ ಹಾಗೆ, ಅರ್ಧ ದಾರಿ ದಾಟಿದ ಮೇಲೆ ಪೆಡಲ್ ತುಸು ಸಡಿಲ ಬೀಳುತ್ತದೆ. ಬಿಗಿಯನ್ನು ಶೇ 20, 25ರಷ್ಟು ಹೆಚ್ಚಿಸಿದರೆ ವಾರದಲ್ಲಿ ಕಾಲು ಹೊಂದಿಕೊಳ್ಳುತ್ತದೆ.

ಇನ್ನು ಸೆರಾಮಿಕ್. ಹದಿನೈದು ವರ್ಷದ ಹಿಂದೆ ಈ ರೋಗ ನನಗೂ ಹತ್ತಿತ್ತು. ಜಾಹೀರಾತಿನ ಮಾತು ನಂಬಿ ಆರು ತುಂಡಿನ ಸೆರಾಮಿಕ್ ಪ್ಲೇಟ್ ತರಿಸಿ ಹಾಕಿಸಿದೆ. ಹೈವೇಯಲ್ಲಿ ಅದರಂಥ ಕ್ಲಚ್ ಇಲ್ಲ, ಕಾಲು ತೆಗೆದರೆ ಬಾಗಿಲಿಗೆ ಚಿಲಕ ಬಿದ್ದ ಹಾಗೆ ಹಿಡಿಯುತ್ತಿತ್ತು. ಎರಡನೇ ವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಜಯನಗರದ ನೆಲಮಾಳಿಗೆ ಪಾರ್ಕಿಂಗಿನಿಂದ ಮೇಲೆ ಹತ್ತಬೇಕಾಯಿತು. ಮುಂದಿನ ಕಾರು ನಿಂತಿತು, ನಾನೂ ನಿಂತೆ. ಮತ್ತೆ ಹೊರಡಬೇಕೆಂದರೆ ಕಾರು ಗಡಗಡ ನಡುಗುತ್ತದೆ, ಎರಡಡಿ ಜಿಗಿಯುತ್ತದೆ, ಆಫ್ ಆಗುತ್ತದೆ. ಹಿಂದಿನವರ ಹಾರ್ನ್ ಬೇರೆ. “ಏನ್ರೀ ಇದು, ಎತ್ತಿನ ಗಾಡೀನೇ ವಾಸಿ” ಅಂದಳು ಹೆಂಡತಿ. ಹಿಂದೆ ಕೂತಿದ್ದ ಅತ್ತೆಯವರು ಏನೂ ಅನ್ನಲಿಲ್ಲ; ಮುಂದಿನ ಭಾನುವಾರ ಆಟೊದಲ್ಲಿ ಹೋದರು.

ಕಾರಣ ಆಮೇಲೆ ತಿಳಿಯಿತು. ಮಾಮೂಲಿ ಪ್ಲೇಟಿನಲ್ಲಿ ಎರಡು ಲೈನಿಂಗ್‌ಗಳ ನಡುವೆ ತೆಳು ಉಕ್ಕಿನ ಪಟ್ಟಿಗಳಿರುತ್ತವೆ, ಕರಿದ ಹಪ್ಪಳದ ಹಾಗೆ ಅಲೆಯಲೆಯಾಗಿ. ಕ್ಲಚ್ ಬಿಡುವಾಗ ಆ ಅಲೆ ಮೆಲ್ಲಗೆ ಚಪ್ಪಟೆಯಾಗುತ್ತ ಹೋಗುವುದರಿಂದ ಹಿಡಿತ ಹಂತಹಂತವಾಗಿ ಬರುತ್ತದೆ. ನಾವು ಹಾಫ್ ಕ್ಲಚ್ ಅಂತ ಕರೆಯುವ ಸುಖ ಇರುವುದು ಆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ. ಪಕ್ ಪ್ಲೇಟುಗಳಲ್ಲಿ ಸಾಮಾನ್ಯವಾಗಿ ಈ ಹಪ್ಪಳವೇ ಇರುವುದಿಲ್ಲ. ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಎಂಟು ತಿಂಗಳಾದ ಮೇಲೆ ಇಳಿಸಿದಾಗ ಫ್ಲೈವೀಲ್ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೆರೆಗಳಾಗಿದ್ದವು.

ಕೆವ್ಲಾರ್ ಬಗ್ಗೆ ಕೇಳುವವರೂ ಇದ್ದಾರೆ. ಮೃದುವಾಗಿ ಹಿಡಿಯುತ್ತದೆ, ಬಾಳಿಕೆ ಚೆನ್ನ. ಆದರೆ ಒಮ್ಮೆ ವಿಪರೀತ ಕಾದು ಮೇಲ್ಮೈ ಹೊಳಪಾದರೆ ಮತ್ತೆ ಮೊದಲಿನ ಹಿಡಿತ ಬರುವುದು ಕಷ್ಟ. ಫ್ಲೈಓವರ್ ಏರಿನಲ್ಲಿ ಬ್ರೇಕ್ ಮುಟ್ಟದೆ ಹಾಫ್ ಕ್ಲಚ್ಚಿನಲ್ಲೇ ಕಾರನ್ನು ತೂಗುಹಾಕುವವರು ಅದರ ತಂಟೆಗೆ ಹೋಗದಿರುವುದು ಲೇಸು. ಎರಡು ಪ್ಲೇಟಿನ ಕ್ಲಚ್ ನಿಜಕ್ಕೂ ಜಾಣತನದ ಉಪಾಯ, ಎರಡರ ಬದಲು ನಾಲ್ಕು ಮುಖ ಸಿಗುವುದರಿಂದ ಪೆಡಲ್ ಬಿಗಿಯಾಗದೆ ಹಿಡಿತ ದುಪ್ಪಟ್ಟು. 500 ನ್ಯೂಟನ್ ಮೀಟರ್ ದಾಟಿದವರು ಅದಕ್ಕೆ ದುಡ್ಡು ಕೂಡಿಡಲಿ.

ಆಕ್ಟೇವಿಯಾ ಹುಡುಗನಿಗೆ ನಾನು ಹೇಳಿದ ಮದ್ದು ಫೋಕ್ಸ್‌ವ್ಯಾಗನ್ ಮನೆತನದ ಹಳೇ ಪೆಟ್ಟಿಗೆಯಲ್ಲೇ ಇತ್ತು. ಈ ಕಾರಿನ ಐದು ಗೇರಿನ ಡಬ್ಬಿಗೂ ತೊಂಬತ್ತರ ದಶಕದ ವಿಆರ್6 ಗಾಲ್ಫ್, ಕೊರಾಡೊಗಳ ಡಬ್ಬಿಗೂ ರಕ್ತಸಂಬಂಧ. ಆ ಗಾಲ್ಫಿನ 2.8 ಲೀಟರ್ ಎಂಜಿನ್ 235 ನ್ಯೂಟನ್ ಮೀಟರ್ ಕೊಡುತ್ತಿತ್ತು. ಅದರ 228 ಮಿಲಿಮೀಟರ್ ಕ್ಲಚ್ ಸೆಟ್ಟನ್ನೂ ಕೊರಾಡೊ ಜಿ60ಯ ಒಂಟಿ ತೂಕದ ಫ್ಲೈವೀಲನ್ನೂ ಜೋಡಿಸಿ 1.8 ಟರ್ಬೊಗೆ ಹಾಕುವುದು ಯುರೋಪು, ಅಮೆರಿಕದ ಮೆಕ್ಯಾನಿಕ್‌ಗಳ ಹಳೇ ಮನೆಮದ್ದು. ಕಾರ್ಖಾನೆಯವರು ಎಂಜಿನ್ ಟಾರ್ಕಿಗಿಂತ ಕಾಲುಭಾಗಕ್ಕೂ ಹೆಚ್ಚು ಮೀಸಲಿಟ್ಟೇ ಕ್ಲಚ್ ಮಾಡುವುದರಿಂದ 280ಕ್ಕೆ ಇದು ಸಾಲುತ್ತದೆ. ಆರ್ಗ್ಯಾನಿಕ್ ಲೈನಿಂಗ್, ನಡುವೆ ಸ್ಪ್ರಿಂಗ್, ಒಳಗೆ ಹಪ್ಪಳ ಎಲ್ಲವೂ ಉಂಟು. ನಾಳೆ ದೊಡ್ಡ ಟರ್ಬೊ ಹಾಕಿಸಿ 350 ಮಾಡುತ್ತೇನೆ ಅಂದರೆ ಮಾತ್ರ ಸ್ಯಾಕ್ಸ್‌ನವರ ಬಿಗಿ ಪ್ರೆಷರ್ ಪ್ಲೇಟಿನಂಥದ್ದು ಬೇಕು. ಆಗಲೂ ಪ್ಲೇಟ್ ಆರ್ಗ್ಯಾನಿಕ್ಕೇ ಇರಲಿ.

ಇದಕ್ಕೂ ಒಂದು ಸುಂಕವಿದೆ. ಕಾರ್ಖಾನೆಯಿಂದ ಬಂದ ಫ್ಲೈವೀಲ್ ಡ್ಯುಯಲ್ ಮಾಸ್, ಅಂದರೆ ಎರಡು ತುಂಡು, ನಡುವೆ ಕಮಾನಿನಾಕಾರದ ಸ್ಪ್ರಿಂಗುಗಳು. 1985ರಲ್ಲಿ ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದು ಜರ್ಮನಿಯ ಲುಕ್ ಕಂಪನಿ. ಇಲ್ಲೇ ಹೊಸೂರಿನಲ್ಲೂ ಅವರ ಕಾರ್ಖಾನೆಯಿದೆ. ಎಂಜಿನ್ನಿನ ನಡುಕವನ್ನು ಗೇರ್‌ಬಾಕ್ಸ್ ಮುಟ್ಟುವ ಮೊದಲೇ ನುಂಗಿಹಾಕುವುದು ಅದರ ಕೆಲಸ. ಒಂಟಿ ಫ್ಲೈವೀಲಿಗೆ ಆ ಹೊಟ್ಟೆಯಿಲ್ಲ. ನ್ಯೂಟ್ರಲ್‌ನಲ್ಲಿ ನಿಂತಾಗ ಗೇರುಗಳು ಕಡಕಡ ಅನ್ನುತ್ತವೆ. ಕೇಡೇನಿಲ್ಲ, ಸದ್ದಷ್ಟೇ. ಸದ್ದು ತಡೆಯದವರು ಹೊಸ ಡ್ಯುಯಲ್ ಮಾಸ್‌ಗೆ ಜೇಬು ಬಿಚ್ಚಬೇಕು.

ಮೇಸ್ತ್ರಿಗೆ ನಾನು ಹೇಳುವುದಕ್ಕೇನೂ ಉಳಿದಿರಲಿಲ್ಲ. ಕ್ರ್ಯಾಂಕ್ ಆಯಿಲ್ ಸೀಲ್, ರಿಲೀಸ್ ಬೇರಿಂಗ್, ಸ್ಲೇವ್ ಸಿಲಿಂಡರ್ ಮೂರನ್ನೂ ಆಗಲೇ ಚೀಟಿಯಲ್ಲಿ ಬರೆದಿದ್ದರು. “ಸಾ, ಡಬ್ಬಿ ಇಳಿಸೋ ಕೂಲಿ ಒಂದೇ. ಸೀಲ್ ಬಿಟ್ಟು ಕಟ್ಟಿದ್ರೆ ಹೊಸ ಪ್ಲೇಟಿಗೆ ಆಯಿಲ್ ಕುಡಿಸಿದಂಗೆ.” ಹಳೇ ಪ್ಲೇಟಿಗೇ ಹೊಸ ಲೈನಿಂಗ್ ಕಟ್ಟಿಸಿದರೆ ಹೇಗೆ ಅಂತ ಹುಡುಗನ ತಂದೆ ಫೋನಿನಲ್ಲಿ ಕೇಳಿದರಂತೆ. ಲಾರಿಗೆ ನಡೆದೀತು, ಟರ್ಬೊ ಕಾರಿಗೆ ಬೇಡ. ಲೈನಿಂಗ್ ಹೊಸದಾದರೂ ಹಪ್ಪಳ ಹಳೇದೇ ತಾನೇ?

ಸಾಮಾನು ಬಂದು ಕೆಲಸ ಮುಗಿಯಲು ಹದಿನೈದು ದಿನ ಹಿಡಿಯಿತು. ಮೊದಲ 800 ಕಿಲೊಮೀಟರ್ ಊರೊಳಗೇ ಓಡಿಸಿ, ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ, ಲೈನಿಂಗ್ ಮೈ ಕೂರಬೇಕು ಅಂತ ಹೇಳಿ ಕಳಿಸಿದ್ದೆ. ಬೆಂಗಳೂರಿನಲ್ಲಿ ಈ ವ್ರತಕ್ಕೆ ಹೆಚ್ಚು ಸಂಯಮವೇನೂ ಬೇಕಿಲ್ಲ. ಮಂಗಳವಾರ ರಾತ್ರಿ ಫೋನ್ ಬಂತು, ಹಿಂದೆ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು.

“ಸಾರ್, ಬೊಮ್ಮನಹಳ್ಳಿ ಹತ್ರ ಇದ್ದೀನಿ. ನ್ಯೂಟ್ರಲ್‌ನಲ್ಲಿ ಕಡಕಡ ಅಂತಿದೆ.”

“ಕ್ಲಚ್ ಒತ್ತಿ. ನಿಲ್ತಾ?”

“ನಿಲ್ತು.”

“ಕಾಲು?”

ಒಂದು ಕ್ಷಣ ಸುಮ್ಮನಾದ. “ನೋವಿಲ್ಲ ಸಾರ್. ಮುಕ್ಕಾಲು ಗಂಟೆಯಿಂದ ಇಲ್ಲೇ ಇದ್ದೀನಿ.”

“ಹಾಗಾದ್ರೆ ಕಾಲು ತೆಗೀರಿ, ಹಾಡು ಹಾಕ್ಕೊಳ್ಳಿ” ಅಂದೆ.