ಹಲವರಿಗೆ ಬರೆಯುವ ಪತ್ರದ ಮರ್ಯಾದೆ

ಒಬ್ಬರಿಗೆ ಬರೆದ ಪತ್ರದಲ್ಲಿ ತಪ್ಪಿದರೆ ಅವರೊಬ್ಬರ ಕ್ಷಮೆ ಬೇಡಿ ಸರಿಪಡಿಸಿಕೊಳ್ಳಬಹುದು. ನೂರು ಜನಕ್ಕೆ ಒಮ್ಮೆಗೇ ಹೋದ ಪತ್ರದ ತಪ್ಪು ನೂರು ಕಡೆ ಉಳಿಯುತ್ತದೆ. ಈ ಭೇದವನ್ನು ಮನಗಂಡು ರಚಿತವಾದ ಬರಹಗಳಲ್ಲಿ 1995ರ ಅಕ್ಟೋಬರ್‌ನಲ್ಲಿ ಪ್ರಕಟವಾದ ‘ನೆಟಿಕೆಟ್ ಗೈಡ್‌ಲೈನ್ಸ್’ ಗಮನಾರ್ಹವಾದುದು. ಇಂಟೆಲ್ ಸಂಸ್ಥೆಯ ಸ್ಯಾಲಿ ಹ್ಯಾಂಬ್ರಿಜ್ ಅವರು ಕಾರ್ಯತಂಡವೊಂದರ ಪರವಾಗಿ ಸಿದ್ಧಪಡಿಸಿದ ಈ ಕಿರುಕೃತಿಗೆ ಅಂತರಜಾಲದ ದಾಖಲೆಗಳ ಮಾಲೆಯಲ್ಲಿ ಆರ್‌ಎಫ್‌ಸಿ 1855 ಎಂಬ ಸಂಖ್ಯೆಯಿದೆ.

ಒಬ್ಬರಿಗೆ ಬರೆಯುವುದನ್ನೂ ಹಲವರಿಗೆ ಬರೆಯುವುದನ್ನೂ ಬೇರೆ ಬೇರೆ ಪ್ರಕರಣಗಳಲ್ಲಿ ವಿವೇಚಿಸಿರುವುದೇ ಕೃತಿಯ ಮೊದಲ ಗುಣ. ಭಾವೋದ್ರೇಕದ ಉತ್ತರವನ್ನು ಒಂದು ರಾತ್ರಿ ತಡೆದು ಕಳುಹಿಸಬೇಕು. ಇಬ್ಬರ ಭಿನ್ನಾಭಿಪ್ರಾಯವನ್ನು ಗುಂಪಿನ ಮುಂದೆ ಬೆಳೆಸದೆ ತಮ್ಮೊಳಗೇ ಬಗೆಹರಿಸಿಕೊಳ್ಳಬೇಕು. ಸರಣಿ ಪತ್ರಗಳನ್ನು ಎಂದಿಗೂ ಕಳುಹಿಸಬಾರದು. ಇವೆಲ್ಲವೂ ಸಂಯಮದ ಪಾಠಗಳೇ. ಇ-ಮೇಲ್ ತಲುಪಿಸುವ ವೆಚ್ಚವನ್ನು ಕಳುಹಿಸಿದವರೂ ಪಡೆದವರೂ ಹೆಚ್ಚುಕಡಿಮೆ ಸಮನಾಗಿ ಹೊರುತ್ತಾರೆಂಬ ಮಾತು ಇನ್ನೂ ಮಾರ್ಮಿಕವಾದುದು. ಅಂಚೆಚೀಟಿಯ ಬೆಲೆ ಬರೆದವರದು. ಇಲ್ಲಿ ಓದುವವರೂ ತೆರಬೇಕು. ಇಂದು ಹಣದ ವೆಚ್ಚ ತಗ್ಗಿದೆ, ವೇಳೆಯ ವೆಚ್ಚ ತಗ್ಗಿಲ್ಲ. 2016ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ ಪರೀಕ್ಷೆಗೆಂದು ಕಳುಹಿಸಿದ ಒಂದು ಸಂದೇಶ ಎಂಟು ಲಕ್ಷಕ್ಕೂ ಮಿಕ್ಕ ನೌಕರರಿಗೆ ಹೋಯಿತು. ತಮ್ಮನ್ನು ಪಟ್ಟಿಯಿಂದ ಬಿಡಿಸಬೇಕೆಂದು ಹಲವರು ಎಲ್ಲರಿಗೂ ಉತ್ತರಿಸಿದರು. ಆ ಉತ್ತರಗಳ ಭಾರಕ್ಕೇ ವ್ಯವಸ್ಥೆ ಕುಂಟಿತು.

ಆದರೆ ಕೃತಿಯ ಕಾಳಜಿ ಹೆಚ್ಚಾಗಿ ಕಾಲ, ವೆಚ್ಚ ಮತ್ತು ಮಾತಿನ ಬಿರುಸುಗಳ ಸುತ್ತಲೇ ಸುಳಿಯುತ್ತದೆ. ಪತ್ರ ಪಡೆದವರ ಹೆಸರುಗಳು ಪರಸ್ಪರ ಬಯಲಾಗಬಾರದೆಂಬ ವಿಚಾರಕ್ಕೆ ಅಲ್ಲಿ ತಕ್ಕ ಪ್ರಾಧಾನ್ಯ ದೊರೆತಿಲ್ಲ. ವಿಳಾಸಗಳನ್ನು ಮರೆಯಲ್ಲಿಡುವ ‘ಬಿಸಿಸಿ’ ಅಂಕಣ 1982ರ ಆರ್‌ಎಫ್‌ಸಿ 822ರಲ್ಲಿಯೇ ಇದ್ದುದರಿಂದ ಈ ಕೊರತೆ ಸಣ್ಣದೆನ್ನಲಾಗದು. 2015ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಒಂದು ಚಿಕಿತ್ಸಾಲಯ ತನ್ನ ಎಚ್‌ಐವಿ ಸೇವೆಯ ವಾರ್ತಾಪತ್ರವನ್ನು 781 ಮಂದಿಗೆ ಕಳುಹಿಸುವಾಗ ವಿಳಾಸಗಳನ್ನು ಈ ಅಂಕಣದಲ್ಲಿ ಬರೆಯಲಿಲ್ಲ. ಪಡೆದವರೆಲ್ಲರೂ ಸೋಂಕಿತರಲ್ಲದಿದ್ದರೂ ಎಲ್ಲರ ವಿಳಾಸ ಎಲ್ಲರಿಗೂ ಕಂಡಿತು. ಬಹುಪಾಲು ವಿಳಾಸಗಳಲ್ಲಿ ಪೂರ್ಣ ಹೆಸರೂ ಇದ್ದಿತು. 2016ರಲ್ಲಿ 1,80,000 ಪೌಂಡ್ ದಂಡ ಬಿದ್ದಿತು. ಆ ಪತ್ರದಲ್ಲಿ ಕಟುವಾದ ಒಂದು ಶಬ್ದವೂ ಇರಬೇಕಾಗಿರಲಿಲ್ಲ. ನೋವು ವಿಳಾಸದ ಸಾಲಿನಲ್ಲಿಯೇ ಇದ್ದಿತು.

ಆದುದರಿಂದ ಸಭೆಯ ಸೂಚನೆಯನ್ನೋ ಕೊಡುಗೆಯ ಕೋರಿಕೆಯನ್ನೋ ಹಲವರಿಗೆ ಕಳುಹಿಸುವ ಸಂಘ ಸಂಸ್ಥೆಗಳು ಈ ಕೃತಿಯ ನಿಯಮಗಳಿಗೆ ಇನ್ನೊಂದನ್ನು ಸೇರಿಸಿಕೊಳ್ಳುವುದು ಲೇಸು. ಪರಸ್ಪರ ಪರಿಚಯವಿಲ್ಲದವರ ವಿಳಾಸಗಳನ್ನು ಬಿಸಿಸಿಯಲ್ಲಿರಿಸಬೇಕು. ಪತ್ರವನ್ನು ಮುಂದಕ್ಕೆ ರವಾನಿಸುವಾಗ ಹಿಂದಿನವರ ಹೆಸರುಗಳನ್ನು ಅಳಿಸಬೇಕು. ನಂಬಿ ಕೊಟ್ಟ ವಿಳಾಸ ಠೇವಣಿಯಿದ್ದಂತೆ. ಠೇವಣಿಯನ್ನು ಇಟ್ಟವರ ಒಪ್ಪಿಗೆಯಿಲ್ಲದೆ ಮತ್ತೊಬ್ಬರ ಕೈಗೆ ಕೊಡುವುದು ಯಾವ ವ್ಯವಹಾರದಲ್ಲಿಯೂ ಸಲ್ಲದು.